ಆಫೀಸಿನವರೇ ಕೆರಿಯರ್ ಕೌನ್ಸೆಲಿಂಗ್ ಕೊಡಿಸುತ್ತಾರಂತೆ, ಹೋಗಬೇಕಾ ಬೇಡ್ವಾ?

ಲೆಡ್ಜರ್ ಮನುಷ್ಯ:

ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

14 ವರ್ಷದಿಂದ ಒಂದೇ ಕಂಪನಿ, ಒಂದೇ ಅಕೌಂಟ್ಸ್ ವಿಭಾಗ. ಬಿಲ್ ಬರುತ್ತೆ, ಆರ್ಡರ್ ಜೊತೆ ತಾಳೆ ನೋಡುತ್ತೇವೆ, ಎಂಟ್ರಿ ಹಾಕುತ್ತೇವೆ, ತಿಂಗಳ ಕೊನೆಗೆ ಲೆಕ್ಕ ಮುಗಿಸುತ್ತೇವೆ. ಹೋದ ವರ್ಷ ಹೊಸ ಸಾಫ್ಟ್‌ವೇರ್ ಬಂತು. ಬಿಲ್ ಸ್ಕ್ಯಾನ್ ಮಾಡಿದರೆ ಸಾಕು, ಮಿಕ್ಕಿದ್ದನ್ನೆಲ್ಲ ಅದೇ ಮಾಡುತ್ತೆ. ಅದಕ್ಕೆ ಎಲ್ಲ ಕಲಿಸಿಕೊಟ್ಟವರೂ ನಾವೇ, ಆರು ತಿಂಗಳು ಕೂತು. ಈಗ 11 ಜನರ ಪೈಕಿ 3 ಜನ ಸಾಕು ಅಂದಿದ್ದಾರೆ. ಆ ಮೂವರಲ್ಲಿ ನಾನಿಲ್ಲ.

ಮೂರು ತಿಂಗಳು ನೋಟಿಸ್. ಸೆಟಲ್‌ಮೆಂಟ್ ಕಾಗದದ ಜೊತೆ ಎಚ್ಆರ್‌ನವರು ಇನ್ನೊಂದು ಹಾಳೆ ಕೊಟ್ಟರು. ಕೆರಿಯರ್ ಕೌನ್ಸೆಲರ್ ಜೊತೆ 4 ಸೆಷನ್, ಖರ್ಚು ಕಂಪನಿಯದು, ಬೇಕಿದ್ದರೆ ಸಹಿ ಹಾಕಿ ಅಂತ. ಹಾಳೆ ಇನ್ನೂ ಬ್ಯಾಗಲ್ಲೇ ಇದೆ.

ನನಗೆ 41. ಕೌನ್ಸೆಲಿಂಗ್ ಅಂದರೆ ಶಾಲೆ ಮುಗಿಸಿದ ಮಕ್ಕಳಿಗೆ ಮುಂದೇನು ಓದಬೇಕು ಅಂತ ಹೇಳುವುದು ಅಂದುಕೊಂಡಿದ್ದೆ. ನನಗೆ ಅವರು ಹೊಸದಾಗಿ ಏನು ಹೇಳುತ್ತಾರೆ? ನನ್ನ ಕೆಲಸ ಏನು ಅಂತ ನನಗೆ ಗೊತ್ತು, ಅದು ಹೋಗಿದ್ದೂ ಗೊತ್ತು. ಯಾರಾದರೂ ಹೋಗಿದ್ದೀರಾ? ಉಪಯೋಗ ಆಯ್ತಾ? ಮುಲಾಜಿಲ್ಲದೆ ಹೇಳಿ.

ನೇರ ಮಾತು:

ಮುಲಾಜಿಲ್ಲದೆ ಹೇಳಿ ಅಂದಿರಲ್ಲ, ಕೇಳಿ. ನಾನು ಸ್ವಂತ ದುಡ್ಡು ಕೊಟ್ಟು ಹೋಗಿದ್ದೆ. ಮೊದಲ ದಿನ ಕಂಪ್ಯೂಟರ್ ಮುಂದೆ ಕೂರಿಸಿ ಇನ್ನೂರು ಚಿಲ್ಲರೆ ಪ್ರಶ್ನೆ ಕೇಳಿದರು. ಪಾರ್ಟಿಗೆ ಹೋಗೋದು ಇಷ್ಟವಾ, ಪುಸ್ತಕ ಓದೋದು ಇಷ್ಟವಾ ಅಂತ. ಎರಡನೇ ದಿನ 38 ಪುಟದ ರಿಪೋರ್ಟ್ ಕೈಗಿಟ್ಟರು, ಬಣ್ಣಬಣ್ಣದ ಗ್ರಾಫ್. ಅದರಲ್ಲಿ ಬರೆದಿದ್ದು ಏನು ಗೊತ್ತಾ? 'ನೀವು ಜನರ ಜೊತೆ ಬೆರೆಯುತ್ತೀರಿ, ಆದರೆ ನಿಮಗೆ ಏಕಾಂತವೂ ಬೇಕು.' ಯಾರಿಗೆ ಬೇಡ ಸ್ವಾಮಿ? ಕಣಿ ಹೇಳುವವರೂ ಇದನ್ನೇ ಹೇಳುತ್ತಾರೆ. ಕೊನೇ ಪುಟದಲ್ಲಿ ನನಗೆ ಹೊಂದುವ ಕೆಲಸಗಳ ಪಟ್ಟಿ ಇತ್ತು, ಮೊದಲನೇದು ಅರಣ್ಯ ಅಧಿಕಾರಿ. ನನಗೆ ಆಗ 36, ಎರಡು ಸಾಲ, ಮಂಡಿ ನೋವು ಬೇರೆ.

ಹೋಗಬೇಡಿ ಅಂತ ಹೇಳಲ್ಲ, ನಿಮ್ಮದು ಪುಕ್ಕಟೆ. ಆದರೆ ಜಾಸ್ತಿ ಆಸೆ ಇಟ್ಟುಕೊಂಡು ಹೋಗಬೇಡಿ.

ಕುರ್ಚಿಯ ಈಚೆ:

ನಾನು ಇದೇ ಕೆಲಸ ಮಾಡುವವಳು, 12 ವರ್ಷ ಆಯಿತು. ನೇರ ಮಾತು ಅವರೇ, ನೀವು ಸಿಟ್ಟಾಗಿದ್ದು ಸರಿಯೇ ಇದೆ. ನಿಮಗೆ ಸಿಕ್ಕಿದ್ದು ಟೆಸ್ಟ್, ಕೌನ್ಸೆಲಿಂಗ್ ಅಲ್ಲ.

ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ, ಬೇಗ ಮುಗಿಸುತ್ತೇನೆ. 1908ರಲ್ಲಿ ಬಾಸ್ಟನ್‌ನಲ್ಲಿ ಫ್ರಾಂಕ್ ಪಾರ್ಸನ್ಸ್ ಅನ್ನುವವರು ಈ ಕೆಲಸಕ್ಕೆ ಅಂತಲೇ ಒಂದು ಕಚೇರಿ ತೆರೆದರು. ಅವರ ಲೆಕ್ಕ ಸರಳ: ನಿನ್ನನ್ನು ನೀನು ತಿಳಿದುಕೋ, ಕೆಲಸಗಳನ್ನು ತಿಳಿದುಕೋ, ಎರಡನ್ನೂ ಯೋಚನೆ ಮಾಡಿ ಹೊಂದಿಸು. ಆಮೇಲೆ 1959ರಲ್ಲಿ ಜಾನ್ ಹಾಲೆಂಡ್ ಬಂದರು. ಜನರ ಆಸಕ್ತಿಯನ್ನು ಆರು ಬಗೆ ಮಾಡಿದರು. ಕೈಯಿಂದ ಮಾಡುವುದು, ಹುಡುಕಿ ತಿಳಿಯುವುದು, ಕಲೆ, ಜನರಿಗೆ ನೆರವಾಗುವುದು, ಮುಂದಾಳಾಗುವುದು, ಅಚ್ಚುಕಟ್ಟಾಗಿ ಲೆಕ್ಕಪತ್ರ ಇಡುವುದು. ಇವತ್ತಿಗೂ ನೀವು ತುಂಬುವ ಬಹಳಷ್ಟು ಟೆಸ್ಟ್‌ಗಳ ಹಿಂದೆ ಇದೇ ಆರು ಇದೆ. ಟೆಸ್ಟ್ ಕೆಟ್ಟದ್ದಲ್ಲ, ಮಾತು ಶುರು ಮಾಡೋಕೆ ಒಂದು ನೆಪ. ರಿಪೋರ್ಟ್ ಕೈಗಿಟ್ಟು ಕಳಿಸಿದರೆ, ಎಕ್ಸ್‌ರೇ ತೆಗೆದು ಡಾಕ್ಟರನ್ನು ತೋರಿಸದೆ ಮನೆಗೆ ಕಳಿಸಿದ ಹಾಗೆ.

ಲೆಡ್ಜರ್ ಅವರೇ, ನಿಮ್ಮ ಸ್ಥಿತಿ ಬೇರೆ. ನೀವು ಕೆಲಸ ಆರಿಸಿಕೊಳ್ಳುತ್ತಿಲ್ಲ, ಒಂದನ್ನು ಬಿಟ್ಟುಕೊಡುತ್ತಿದ್ದೀರಿ. ನ್ಯಾನ್ಸಿ ಶ್ಲಾಸ್‌ಬರ್ಗ್ ಅಂತ ಒಬ್ಬರು 1981ರಲ್ಲಿ ಇದರ ಬಗ್ಗೆ ಬರೆದರು. ಗೊತ್ತಿದ್ದು ಬರುವ ಬದಲಾವಣೆ ಬೇರೆ, ಗೊತ್ತಿಲ್ಲದೆ ಬರುವುದು ಬೇರೆ, ಆಗಬೇಕಿದ್ದದ್ದು ಆಗದೇ ಹೋಗುವುದು ಇನ್ನೊಂದು ಬಗೆ. ಮೂರನೇದು ಯಾರ ಕಣ್ಣಿಗೂ ಬೀಳುವುದಿಲ್ಲ. ಹತ್ತು ವರ್ಷ ಕಾದ ಬಡ್ತಿ ಬರಲಿಲ್ಲ ಅಂದರೆ ಯಾರೂ ಬಂದು ಸಮಾಧಾನ ಹೇಳಲ್ಲ ಅಲ್ವಾ? ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನರದು ಅದೇ ನೋವು, ಆದರೆ ಬಾಯಲ್ಲಿ 'ರೆಸ್ಯೂಮೆ ಸರಿ ಮಾಡಿಕೊಡಿ' ಅನ್ನುತ್ತಾರೆ.

ನನ್ನ ಮೊದಲ ಸೆಷನ್‌ನಲ್ಲಿ ರೆಸ್ಯೂಮೆ ಟೇಬಲ್ ಮೇಲೆ ಬರುವುದೇ ಇಲ್ಲ. ಏನಾಯಿತು, ನಿಮ್ಮ ಕೈಲಿ ಏನಿದೆ, ಜೊತೆಗೆ ಯಾರಿದ್ದಾರೆ, ಇಷ್ಟು ದಿನ ಏನೇನು ಮಾಡಿ ನೋಡಿದ್ದೀರಿ. ಇಷ್ಟೇ ಕೇಳುವುದು. ಗಂಟೆ ಹೋಗಿದ್ದು ಗೊತ್ತಾಗಲ್ಲ.

ಮೂರನೇ ಶಿಫ್ಟ್:

ನಾನು ಮೆಷಿನ್ ಆಪರೇಟರ್. ಆಗಿದ್ದೆ. ನಮ್ಮ ಪ್ಲಾಂಟ್ ಮುಚ್ಚಿ ಎರಡು ವರ್ಷ ಆಯಿತು.

ಎಲ್ಲರೂ ಕೆಲಸ ಹೋಯಿತು ಅಂದಾಗ ದುಡ್ಡಿನ ಬಗ್ಗೆ ಮಾತಾಡುತ್ತಾರೆ. ದುಡ್ಡು ಸರಿ, ಆದರೆ ನನಗೆ ಮೊದಲು ಕೆಟ್ಟಿದ್ದು ದಿನ. ಬೆಳಗ್ಗೆ 4:50ಕ್ಕೆ ಫೋನಲ್ಲಿ ಅಲಾರಂ ಇತ್ತು, ಅದನ್ನು ತೆಗೆದಿರಲಿಲ್ಲ. ದಿನಾ ಹೊಡೆಯುತ್ತಿತ್ತು, ದಿನಾ ಎದ್ದು ಆರಿಸಿ ಮಲಗುತ್ತಿದ್ದೆ. ನನ್ನ ಹೆಂಡತಿ 'ಅದನ್ನ ತೆಗೆದು ಹಾಕ್ರಿ' ಅಂದರೆ ಅವಳ ಮೇಲೆ ರೇಗುತ್ತಿದ್ದೆ. ತೆಗೆದರೆ ಕೆಲಸ ಹೋಗಿದ್ದು ನಿಜ ಆಗಿಬಿಡುತ್ತೆ ಅನ್ನೋ ಹಾಗೆ. ಹತ್ತು ಗಂಟೆಗೆ ಏಳುವುದು, ಶೇವ್ ಇಲ್ಲ, ಅಂಗಳದಲ್ಲಿ ಕೂರುವುದು, ಒಂದು ಬಲ್ಬ್ ಬದಲಾಯಿಸೋಕೆ ನಾಳೆ ಮಾಡಿದರಾಯ್ತು ಅಂತ ನಾಲ್ಕು ದಿನ ತಳ್ಳುವುದು. ಟೈಂ ಇದ್ದಷ್ಟೂ ಏನೂ ಆಗುತ್ತಿರಲಿಲ್ಲ.

ಯೂನಿಯನ್ ಕಡೆಯಿಂದ ಒಬ್ಬ ಕೌನ್ಸೆಲರ್ ಬಂದಿದ್ದರು. ವಯಸ್ಸಲ್ಲಿ ನನಗಿಂತ ಚಿಕ್ಕವನು. 'ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದಿರಿ' ಅಂತ ಕೇಳಿದ. ನನಗೆ ಮೈ ಉರಿಯಿತು. ಏನು ಮಾಡಲಿ, ಏನೂ ಮಾಡಲಿಲ್ಲ ಅಂದೆ. ಅವನು ಸುಮ್ನೆ ಕೂತಿದ್ದ, ಸಮಾಧಾನಾನೂ ಹೇಳಲಿಲ್ಲ, ಬುದ್ಧಿವಾದಾನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಲಾರಂ ವಿಷಯ ನನ್ನ ಬಾಯಿಂದ ತಾನಾಗೇ ಬಂತು. ಹೆಂಡತಿ ಹತ್ತಿರಾನೂ ಹೇಳದಿದ್ದದ್ದು.

ಅವನು ಹೇಳಿದ್ದು ಒಂದೇ. ಅಲಾರಂ ತೆಗೀಬೇಡಿ ಸರ್, 6:30ಕ್ಕೆ ಇಡಿ, ಎದ್ದು ಏನು ಮಾಡಬೇಕು ಅನ್ನೋದನ್ನ ಅದರ ಹೆಸರಿನ ಜಾಗದಲ್ಲಿ ಬರೀರಿ. ನಾನು 'ಶೇವ್' ಅಂತ ಬರೆದೆ. ನಗಬೇಡಿ.

ಅರ್ಧ ಪುಟ:

ನಗಲ್ಲ ಅಣ್ಣಾ. ನೀವು ಹೇಳಿದ್ದು ತೊಂಬತ್ತು ವರ್ಷದ ಹಿಂದೆಯೇ ದಾಖಲಾಗಿರುವ ಸಂಗತಿ. ಆಸ್ಟ್ರಿಯಾದಲ್ಲಿ ಮರಿಯೆಂಟಾಲ್ ಅಂತ ಒಂದು ಊರು. ಊರಿಗೆಲ್ಲ ಒಂದೇ ಬಟ್ಟೆ ಮಿಲ್, ಅದು ಮುಚ್ಚಿತು. ಮರೀ ಯಹೋಡಾ ಅನ್ನುವ ಸಂಶೋಧಕಿ ಮತ್ತವರ ಜೊತೆಗಾರರು ಅಲ್ಲಿಗೆ ಹೋಗಿ ಜನರ ಜೊತೆ ಇದ್ದು ನೋಡಿ 1933ರಲ್ಲಿ ಪ್ರಕಟಿಸಿದರು. ಜನ ಬೀದಿಯಲ್ಲಿ ಎಷ್ಟು ವೇಗವಾಗಿ ನಡೆಯುತ್ತಾರೆ ಅಂತ ಗಡಿಯಾರ ಹಿಡಿದು ಅಳೆದರಂತೆ. ಗಂಡಸರ ನಡಿಗೆ ನಿಧಾನ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವುದು. ಹೆಂಗಸರು ಬೇಗ ನಡೆಯುತ್ತಿದ್ದರು, ಯಾಕೆಂದರೆ ಅವರಿಗೆ ಮನೆಗೆಲಸ ಅಂತೂ ತಪ್ಪಿರಲಿಲ್ಲ! ಕೈತುಂಬ ಸಮಯ ಇದ್ದರೂ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಕಮ್ಮಿ ಆಗಿತ್ತು.

ಯಹೋಡಾ ಮುಂದೆ ಹೇಳಿದ್ದು ಇದು: ಕೆಲಸ ಕೊಡುವುದು ಬರೀ ಸಂಬಳ ಅಲ್ಲ. ದಿನಕ್ಕೊಂದು ಕ್ರಮ, ಮನೆಯಾಚೆಯ ನಾಲ್ಕು ಜನ, ನಮ್ಮೆಲ್ಲರದು ಅನ್ನುವ ಒಂದು ಗುರಿ, ನಾನು ಇಂಥವನು ಅನ್ನುವ ಗುರುತು, ಕೈಗೆ ಚಟುವಟಿಕೆ. ಕೆಲಸ ಹೋದಾಗ ಇವೆಲ್ಲ ಒಟ್ಟಿಗೇ ಹೋಗುತ್ತವೆ, ಆದರೆ ಸೆಟಲ್‌ಮೆಂಟ್ ಕಾಗದದಲ್ಲಿ ಸಂಬಳ ಒಂದರ ಲೆಕ್ಕ ಮಾತ್ರ ಇರುತ್ತೆ.

ಇನ್ನೊಂದು ಇದೆ. 1994ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಕೆಲಸ ಕಳೆದುಕೊಂಡ 63 ಜನ. ಕೆಲವರಿಗೆ ಕೆಲಸ ಹೋದಾಗ ಏನನ್ನಿಸಿತೋ ಅದನ್ನೆಲ್ಲ ಬರೆಯಿರಿ ಅಂದರು, ಕೆಲವರಿಗೆ ದಿನದ ಪ್ಲಾನ್ ಬರೆಯಿರಿ ಅಂದರು, ಉಳಿದವರಿಗೆ ಏನೂ ಬರೆಯಲು ಹೇಳಲಿಲ್ಲ. ಅನ್ನಿಸಿದ್ದನ್ನು ಬರೆದವರಿಗೆ ಉಳಿದವರಿಗಿಂತ ಬೇಗ ಕೆಲಸ ಸಿಕ್ಕಿತು. ಅವರೇನೂ ಜಾಸ್ತಿ ಅರ್ಜಿ ಹಾಕಿರಲಿಲ್ಲ. ಒಳಗಿನ ಸಿಟ್ಟು ಇಂಟರ್‌ವ್ಯೂನಲ್ಲಿ ಆಚೆ ಬರಲಿಲ್ಲ ಅನ್ನುವುದು ಒಂದು ವಿವರಣೆ. ಸಣ್ಣ ಪ್ರಯೋಗ, ಅದೇ ವೇದ ಅಂತಲ್ಲ.

ನೇರ ಮಾತು:

ಬರೆದರೆ ಸಾಲದ ಕಂತು ಯಾರು ಕಟ್ಟುತ್ತಾರೆ?

ವ್ಯಂಗ್ಯ ಅಲ್ಲ, ನಿಜವಾಗಲೂ ಕೇಳುತ್ತಿದ್ದೇನೆ. ನೀವೆಲ್ಲ ಗುರುತು, ಗುರಿ ಅಂತ ಮಾತಾಡುತ್ತಿದ್ದೀರಿ. ಕೆಲಸ ಹೋದವನಿಗೆ ಬೇಕಾಗಿರೋದು ಕೆಲಸ. ಕಂಪನಿಗೆ ಕೌನ್ಸೆಲಿಂಗ್ ಕೊಡಿಸೋದು ಸುಲಭ, ಎಂಟು ಜನರನ್ನು ಉಳಿಸಿಕೊಳ್ಳೋದು ಕಷ್ಟ. 'ನಿಮ್ಮನ್ನು ಹೊಸ ಅವಕಾಶಗಳ ಕಡೆ ಕಳಿಸಿಕೊಡುತ್ತಿದ್ದೇವೆ' ಅಂತ ಕೈ ತೊಳೆದುಕೊಳ್ಳೋಕೆ ಇದೊಂದು ನೆಪ. ತಪ್ಪು ಸಾಫ್ಟ್‌ವೇರ್ ತಂದವರದ್ದಲ್ಲ, ಬದಲಾಗದ ನಿನ್ನ ಮನಸ್ಸಿನದ್ದು ಅನ್ನೋ ಹಾಗೆ ಮಾಡುತ್ತಾರೆ.

ಕುರ್ಚಿಯ ಈಚೆ:

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನಮ್ಮಲ್ಲಿ ಕೆಲವರು ಹಾಗೆ ಮಾಡುತ್ತಾರೆ. ಇಲ್ಲದ ಕೆಲಸವನ್ನು ಕೌನ್ಸೆಲರ್ ಹುಟ್ಟಿಸೋಕೆ ಆಗಲ್ಲ. ಹತ್ತು ಹುದ್ದೆಗೆ ಸಾವಿರ ಜನ ಇದ್ದರೆ ನನ್ನಿಂದ ಆ ಲೆಕ್ಕ ಬದಲಾಗಲ್ಲ.

ದುಡ್ಡಿನ ವಿಷಯ ನಿಜ. ಅದಕ್ಕೇ ನಾನು ಮೊದಲೇ ಕೇಳಿಬಿಡುತ್ತೇನೆ, ಸಂಬಳ ಇಲ್ಲದೆ ಎಷ್ಟು ತಿಂಗಳು ತಡೆಯುತ್ತೆ ಅಂತ. ಎರಡು ತಿಂಗಳು ಅಂದರೆ 'ನಿಮ್ಮ ಆಸಕ್ತಿ ಏನು' ಅಂತ ಕೇಳುತ್ತಾ ಕೂರುವುದು ಅಪರಾಧ. ಆಗ ಹಾಳೆಯ ನಡುವೆ ಗೆರೆ ಎಳೆಯುತ್ತೇವೆ. ಈ ಕಡೆ ಈಗ ಸಿಗುವ ಕೆಲಸ, ಕಂತು ಕಟ್ಟೋಕೆ. ಆ ಕಡೆ ಒಂದೆರಡು ವರ್ಷದಲ್ಲಿ ಹೋಗಬೇಕಾದ ಕಡೆ. ಮೊದಲನೇದನ್ನು ಹಿಡಿದ ಕೂಡಲೇ ಎರಡನೇದನ್ನು ಮರೆತುಬಿಡುತ್ತಾರೆ, ಅದನ್ನು ಮರೆಯದ ಹಾಗೆ ನೋಡಿಕೊಳ್ಳುವುದೇ ನನ್ನ ಅರ್ಧ ಕೆಲಸ. ಬೈಸಿಕೊಳ್ಳುತ್ತೇನೆ ಕೂಡ.

ಆದರೆ ಕೆಲಸ ಹುಡುಕುವವರಿಗೆ ಒಳ್ಳೆಯ ನೆರವು ಸಿಕ್ಕರೆ ಫಲ ಇಲ್ಲ ಅನ್ನಬೇಡಿ. ಮಿಷಿಗನ್ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಕೆಲಸ ಕಳೆದುಕೊಂಡವರನ್ನು ಗುಂಪಾಗಿ ಕೂರಿಸಿ ತರಬೇತಿ ಕೊಟ್ಟರು. ಅದರಲ್ಲಿ ಅರ್ಜಿ, ಇಂಟರ್‌ವ್ಯೂ ಎಲ್ಲ ಇತ್ತು, ಜೊತೆಗೆ ಒಂದು ವಿಶೇಷ: ಸೋಲಿಗೆ ಮೊದಲೇ ರಿಹರ್ಸಲ್. 'ಇಲ್ಲ ಅಂದರೆ ಆ ಸಂಜೆ ಏನು ಮಾಡುತ್ತೀರಿ, ಮಾರನೇ ದಿನ ಯಾರಿಗೆ ಫೋನ್ ಮಾಡುತ್ತೀರಿ' ಅಂತ ಮೊದಲೇ ಆಡಿ ನೋಡುವುದು. ಅಂಥ ತರಬೇತಿ ಪಡೆದವರಿಗೆ ಉಳಿದವರಿಗಿಂತ ಒಳ್ಳೆಯ ಕೆಲಸ ಸಿಕ್ಕಿತು, ಮನಸ್ಸೂ ಅಷ್ಟು ಕುಗ್ಗಲಿಲ್ಲ. ಆಮೇಲೆ ಫಿನ್‌ಲ್ಯಾಂಡಿನವರೂ ಅದನ್ನು ತೆಗೆದುಕೊಂಡರು. ನಾನೂ ಇದನ್ನೇ ಮಾಡಿಸುತ್ತೇನೆ. ಮೊದಲು ಎಲ್ಲರೂ ಅಪಶಕುನ ಅನ್ನುತ್ತಾರೆ.

ನನ್ನ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಮೊದಲು ಬಂದವರಿಗೆಲ್ಲ ಧೈರ್ಯ ತುಂಬುತ್ತಿದ್ದೆ. ಒಬ್ಬರು ಎರಡೇ ವಾರದ ಹಿಂದೆ ಕೆಲಸ ಕಳೆದುಕೊಂಡಿದ್ದರು. ನಾನು 'ಇದೊಂದು ಅವಕಾಶ ಅಂದುಕೊಳ್ಳಿ' ಅಂದೆ. ಅವರು ಹೌದು ಹೌದು ಅಂದು ಎದ್ದು ಹೋದರು. ಮತ್ತೆ ಬರಲಿಲ್ಲ. ಇಂದಿಗೂ ಯಾರಾದರೂ ಅವಕಾಶ ಅನ್ನುವ ಪದ ಬಳಸಿದರೆ ಅವರ ಮುಖ ಕಣ್ಣ ಮುಂದೆ ಬರುತ್ತೆ.

ಮತ್ತೆ ಶುರು:

ನಾನು ಕೆಲಸ ಕಳೆದುಕೊಂಡವಳಲ್ಲ, ಬಿಟ್ಟವಳು. ಅಪ್ಪನಿಗೆ ಹುಷಾರಿರಲಿಲ್ಲ, 6 ವರ್ಷ ಮನೆಯಲ್ಲಿದ್ದೆ. ಅವರು ಹೋದ ಮೇಲೆ ಮತ್ತೆ ಕೆಲಸಕ್ಕೆ ಅಂತ ಹೊರಟರೆ ಎಲ್ಲ ಕಡೆ ಒಂದೇ ಪ್ರಶ್ನೆ, 'ಈ ಗ್ಯಾಪ್ ಯಾಕೆ?' ಹೇಳುವಾಗ ಅಳು ಬರುತ್ತಿತ್ತು.

ಕೌನ್ಸೆಲರ್ ಆ ಒಂದು ಉತ್ತರವನ್ನು ನನ್ನಿಂದ ಹತ್ತಾರು ಸಲ ಹೇಳಿಸಿದರು. ಮೊದಲ ಸಲ ನಾಲ್ಕು ನಿಮಿಷ ತೆಗೆದುಕೊಂಡೆ, ಅದರಲ್ಲಿ ಮೂರು ಸಲ 'ಸಾರಿ' ಇತ್ತಂತೆ. ಅವರು ಎಣಿಸಿದ್ದರು! ಕೊನೆಗೆ ಉಳಿದಿದ್ದು ಇಷ್ಟು: 'ಆರು ವರ್ಷ ತಂದೆಯನ್ನು ನೋಡಿಕೊಂಡೆ. ಆ ಜವಾಬ್ದಾರಿ ಮುಗಿದಿದೆ. ಈಗ ಪೂರ್ತಿ ಸಮಯ ಕೆಲಸ ಮಾಡಲು ಸಿದ್ಧ ಇದ್ದೇನೆ.' ಇಷ್ಟು ಹೇಳಿ ಬಾಯಿ ಮುಚ್ಚಿಕೊಂಡು ಕೂರುವುದೇ ಕಷ್ಟದ ಭಾಗ.

ಇನ್ನೊಂದು ಅವರು ಹೇಳಿದ್ದು, ಹತ್ತಿರದವರನ್ನು ಬಿಟ್ಟು ದೂರದವರನ್ನು ಕೇಳಿ ಅಂತ. ನನಗೆ ವಿಚಿತ್ರ ಅನ್ನಿಸಿತ್ತು. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞರು 1973ರಲ್ಲೇ ಬರೆದಿದ್ದಾರಂತೆ, ಕೆಲಸದ ಸುದ್ದಿ ಆಪ್ತರಿಗಿಂತ ಅಷ್ಟಕ್ಕಷ್ಟೆ ಪರಿಚಯ ಇರುವವರಿಂದ ಬರುವುದು ಜಾಸ್ತಿ ಅಂತ. ಯೋಚಿಸಿದರೆ ಸರಿಯೇ. ನನ್ನ ಗೆಳತಿಯರಿಗೆ ಗೊತ್ತಿರುವುದೆಲ್ಲ ನನಗೂ ಗೊತ್ತಿರುತ್ತೆ.

9 ಜನಕ್ಕೆ ಮೆಸೇಜ್ ಕಳಿಸಿದೆ. ಕೆಲಸ ಕೊಡಿಸಿ ಅಂತ ಅಲ್ಲ. 'ನಮಸ್ತೆ, ಹಳೇ ಆಫೀಸಿನಲ್ಲಿ ನಿಮ್ಮ ಪಕ್ಕದ ಟೀಂನಲ್ಲಿದ್ದೆ, ನೆನಪಿದೆಯೋ ಇಲ್ಲವೋ. ಮತ್ತೆ ಕೆಲಸಕ್ಕೆ ಸೇರುವ ಯೋಚನೆ ಇದೆ. ಈ ಆರು ವರ್ಷದಲ್ಲಿ ನಮ್ಮ ಕೆಲಸದಲ್ಲಿ ಏನು ಬದಲಾಗಿದೆ ಅಂತ 15 ನಿಮಿಷ ಫೋನಲ್ಲಿ ಕೇಳಬಹುದಾ?' ನಾಲ್ಕು ಜನ ಉತ್ತರ ಕೊಟ್ಟರು. ಐದು ಜನ ನೋಡಿಯೂ ಸುಮ್ಮನಾದರು, ಅದರಲ್ಲಿ ಒಬ್ಬಳು ನನ್ನ ಮದುವೆಗೆ ಬಂದವಳು. ನಾಲ್ವರಲ್ಲಿ ಒಬ್ಬರು ಮೂರು ತಿಂಗಳಾದ ಮೇಲೆ ತಾವೇ ಫೋನ್ ಮಾಡಿದರು. ಈಗ ಅಲ್ಲೇ ಇದ್ದೇನೆ. ಮೊದಲಿನದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ, ಅದನ್ನೂ ಹೇಳಬೇಕಲ್ವಾ.

ಎರಡು ದೋಣಿ:

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಕೆಲಸ ಇನ್ನೂ ಹೋಗಿಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೇನೆ, ವಯಸ್ಸು 27. ಪ್ರತಿ ವಾರ ಯಾವುದೋ ಹೊಸ ಎಐ ಟೂಲ್ ಬರುತ್ತೆ, ಪ್ರತಿ ವಾರ ಇನ್ನೆಷ್ಟು ದಿನವೋ ಅನ್ನಿಸುತ್ತೆ. ರಾತ್ರಿ ಕೂತು ಕೋರ್ಸ್ ಮೇಲೆ ಕೋರ್ಸ್ ತಗೊಳ್ಳುತ್ತೇನೆ, 5 ಶುರು ಮಾಡಿದ್ದೇನೆ, ಒಂದೂ ಮುಗಿಸಿಲ್ಲ. ಕೆಲಸ ಇರುವಾಗಲೇ ಕೌನ್ಸೆಲರ್ ಹತ್ತಿರ ಹೋಗಬಹುದಾ? ಐದು ವರ್ಷದ ಮೇಲೆ ಯಾವ ಕೆಲಸ ಉಳಿಯುತ್ತೆ ಅಂತ ಅವರಿಗಾದರೂ ಗೊತ್ತಿರುತ್ತಾ?

ಕುರ್ಚಿಯ ಈಚೆ:

ಹೋಗಬಹುದು. ಗೊತ್ತಿರಲ್ಲ. ಗೊತ್ತು ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ.

ಐದು ವರ್ಷದ ಮೇಲಿನದನ್ನು ಈಗಲೇ ನಿರ್ಧಾರ ಮಾಡಬೇಕು ಅನ್ನುವ ಹಟವೇ ನಿಮ್ಮನ್ನು ಸುಸ್ತು ಮಾಡುತ್ತಿದೆ ಅನ್ನಿಸುತ್ತೆ. ಜಾನ್ ಕ್ರಂಬೋಲ್ಟ್ಸ್ ಅನ್ನುವವರು 1999ರಲ್ಲಿ ಇಬ್ಬರು ಜೊತೆಗಾರರ ಜೊತೆ ಬರೆದ ಒಂದು ವಿಚಾರ ಇದೆ. ಎಲ್ಲರ ಕೆಲಸದ ಬದುಕಲ್ಲೂ ಆಕಸ್ಮಿಕಗಳು ಇದ್ದೇ ಇರುತ್ತವೆ, ಅವುಗಳಿಗೆ ಎದುರಾಗುವ ಹಾಗೆ ಓಡಾಡಿಕೊಂಡಿರುವುದನ್ನು ಕಲಿಯಬಹುದು ಅಂತ. ಕುತೂಹಲ, ಬಿಡದೆ ಹಿಡಿಯುವುದು, ಬಾಗುವುದು, ಆಗುತ್ತೆ ಅನ್ನುವ ನಂಬಿಕೆ, ಸ್ವಲ್ಪ ಧೈರ್ಯ. ಹಾಗಂತ ಕೈಕಟ್ಟಿ ಕೂತರೆ ಆಕಸ್ಮಿಕ ಮನೆಬಾಗಿಲಿಗೆ ಬರಲ್ಲ.

ನಿಮಗೆ ನಾನಾಗಿದ್ದರೆ ಹೇಳುವುದು: ಐದರಲ್ಲಿ ನಾಲ್ಕು ಕೋರ್ಸ್ ಮುಚ್ಚಿಬಿಡಿ. ಉಳಿದ ಒಂದರಲ್ಲಿ ಕಲಿತದ್ದನ್ನು ನಿಮ್ಮ ಈಗಿನ ಆಫೀಸಿನಲ್ಲೇ, ಸಣ್ಣ ಕೆಲಸವೊಂದಕ್ಕೆ, ಎರಡು ವಾರ ಹಚ್ಚಿ ನೋಡಿ. ಇಷ್ಟವಾಗದಿದ್ದರೆ ಅದೂ ಒಂದು ಸುದ್ದಿ.

ಮತ್ತೆ, ರಾತ್ರಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ನಮ್ಮ ಕೆಲಸ ಅಲ್ಲ. ತಡಮಾಡದೆ ಡಾಕ್ಟರ್ ಹತ್ತಿರ ಹೋಗಬೇಕು. ಇದು ಎಲ್ಲರಿಗೂ ಹೇಳಿದ್ದು.

ನೇರ ಮಾತು:

ನಾನು ಸುಟ್ಟುಕೊಂಡವನಾದ್ದರಿಂದ ಒಂದು ಮಾತು. ದುಡ್ಡು ಕೊಟ್ಟು ಹೋಗುವವರು ಮೊದಲ ಫೋನಲ್ಲೇ ಕೇಳಿ: ಟೆಸ್ಟ್ ಆದ ಮೇಲೆ ಎದುರು ಕೂತು ಮಾತಾಡುತ್ತೀರಾ, ಎಷ್ಟು ಹೊತ್ತು, ನೀವು ಇದಕ್ಕೆ ಏನು ಓದಿದ್ದೀರಿ, ನನ್ನ ವಯಸ್ಸಿನವರನ್ನು ನೋಡಿದ್ದೀರಾ. 'ನೂರಕ್ಕೆ ನೂರು ಕೆಲಸ ಗ್ಯಾರಂಟಿ' ಅಂದರೆ ಫೋನ್ ಇಡಿ. ನನ್ನ ಪರಿಚಯದ ಹುಡುಗನೊಬ್ಬ ರಿಜಿಸ್ಟ್ರೇಷನ್ ಫೀಸು ಅಂತ ಕಟ್ಟಿ, ಆಮೇಲೆ ತರಬೇತಿ ಫೀಸು ಅಂತ ಕಟ್ಟಿ, ಕೊನೆಗೆ ಆ ನಂಬರೇ ಸ್ವಿಚ್ ಆಫ್. ಕಂಪನಿ ಕಡೆಯಿಂದ ಹೋಗುವವರು ಇನ್ನೊಂದು ಕೇಳಬೇಕು. ನಾನು ಇಲ್ಲಿ ಹೇಳಿದ್ದು ಎಚ್ಆರ್ ಕಿವಿಗೆ ಹೋಗುತ್ತಾ? ಅದನ್ನು ಬರವಣಿಗೆಯಲ್ಲಿ ಕೊಡಿ ಅನ್ನಿ.

ಲೆಡ್ಜರ್ ಮನುಷ್ಯ:

ಐದು ವಾರ ಆಯಿತು, ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಹಾಳೆಗೆ ಸಹಿ ಹಾಕಿದೆ. ಮೂರು ಸೆಷನ್ ಮುಗಿದಿದೆ. ಏನೇನಾಯಿತು ಅಂತ ಹೇಳುತ್ತೇನೆ.

ನೇರ ಮಾತು ಹೇಳಿದ ಹಾಗೆ ಮೊದಲು ಅದನ್ನೇ ಕೇಳಿದೆ. ಬಂದಿರೋ ಇಲ್ಲವೋ ಅನ್ನುವುದು ಮಾತ್ರ ಎಚ್ಆರ್‌ಗೆ ಹೋಗುತ್ತೆ, ಮಾತು ಹೋಗಲ್ಲ ಅಂತ ಬರೆದು ಕೊಟ್ಟರು.

ಮೊದಲ ದಿನ ನಾನು ಸಾಫ್ಟ್‌ವೇರನ್ನು ಬೈದೆ. ಅಷ್ಟೇ. ಮುಕ್ಕಾಲು ಗಂಟೆ. ಅವರು ತಡೆಯಲಿಲ್ಲ. ಹೊರಡುವಾಗ ಒಂದು ಹಾಳೆ ಕೊಟ್ಟು, ಕಳೆದ ತಿಂಗಳ ಯಾವುದಾದರೂ ಒಂದು ಮಂಗಳವಾರ ಆರಿಸಿಕೊಂಡು ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಬರೆದುಕೊಂಡು ಬನ್ನಿ ಅಂದರು. ಮಂಗಳವಾರವೇ ಯಾಕೆ ಅಂದರೆ, ಸೋಮವಾರ ಶುಕ್ರವಾರ ಎಲ್ಲರಿಗೂ ನೆನಪಿರುತ್ತೆ, ಮಂಗಳವಾರ ಯಾರಿಗೂ ನೆನಪಿರಲ್ಲ, ಅಲ್ಲೇ ನಿಜವಾದ ಕೆಲಸ ಇರೋದು ಅಂದರು. ತಮಾಷೆಗೆ ಅಂದರೋ ಏನೋ.

ಬರೆಯೋಕೆ ಕೂತರೆ ನಿಜಕ್ಕೂ ನೆನಪಿರಲಿಲ್ಲ. ಹಳೇ ಈಮೇಲ್ ತೆಗೆದು ನೋಡಿದೆ. 9:30, ಬಿಲ್ ತಾಳೆ. 10:00, ಅದೇ. 10:30, ಒಬ್ಬ ಸಪ್ಲೈಯರ್ ಫೋನ್, ದುಡ್ಡು ಕಮ್ಮಿ ಬಂದಿದೆ ಅಂತ ಕೂಗಾಟ. 11ರಿಂದ 1 ಗಂಟೆವರೆಗೆ ಅದರ ಹಿಂದೆಯೇ ಓಡಾಟ: ಗೋಡೌನಿಗೆ ಫೋನ್, ಸರಕು ಇಳಿಸಿಕೊಂಡವನಿಗೆ ಫೋನ್, ಒಡೆದ ಎರಡು ಬಾಕ್ಸ್ ವಾಪಸ್ ಕಳಿಸಿದ್ದರು, ಆ ಚೀಟಿ ಯಾರದೋ ಡ್ರಾಯರಿನಲ್ಲಿ ಉಳಿದಿತ್ತು. ಚೀಟಿ ಫೋಟೋ ತೆಗೆದು ಕಳಿಸಿ, ಅವರನ್ನು ಸಮಾಧಾನ ಮಾಡಿ, ಎಂಟ್ರಿ ಸರಿ ಮಾಡಿದೆ. ಊಟ ತಡವಾಯಿತು. ಮಧ್ಯಾಹ್ನ ಮತ್ತೆ ಬಿಲ್ ತಾಳೆ.

ಅವರು ಹಾಳೆ ನೋಡಿ, ಇದರಲ್ಲಿ ಯಾವ ಹೊತ್ತು ಗಡಿಯಾರ ನೋಡಲಿಲ್ಲ ಅಂತ ಕೇಳಿದರು. 11ರಿಂದ 1. ಇನ್ನೊಂದು ಕೇಳಿದರು, ಹೊಸ ಸಾಫ್ಟ್‌ವೇರ್ ಇದರಲ್ಲಿ ಯಾವುದನ್ನು ಮಾಡುತ್ತೆ? ನಾನು ಪೆನ್ ತಗೊಂಡು ಟಿಕ್ ಹಾಕುತ್ತಾ ಬಂದೆ. 9:30 ಟಿಕ್, 10 ಟಿಕ್, ಮಧ್ಯಾಹ್ನ ಪೂರ್ತಿ ಟಿಕ್. 11ರಿಂದ 1ರ ಮುಂದೆ ಟಿಕ್ ಹಾಕೋಕೆ ಆಗಲಿಲ್ಲ. ಡ್ರಾಯರಿನಲ್ಲಿರೋ ಚೀಟಿ ಅದಕ್ಕೆಲ್ಲಿ ಗೊತ್ತು?

ಖುಷಿ ಆಯಿತು ಅಂತ ಹೇಳಲ್ಲ. ಒಂಥರಾ ಸಿಟ್ಟೇ ಬಂತು. 14 ವರ್ಷ ಅದನ್ನು ಕೆಲಸಕ್ಕೆ ಅಡ್ಡಿ ಅಂತಲೇ ಅಂದುಕೊಂಡಿದ್ದೆ. ಇವತ್ತು ಆ ಫೋನ್ ಬಂದು ನನ್ನ ಅರ್ಧ ದಿನ ಹಾಳಾಯಿತು ಅಂತ ಮನೆಯಲ್ಲಿ ಗೊಣಗುತ್ತಿದ್ದೆ.

ಎರಡನೇ ಸೆಷನ್‌ನಲ್ಲೇ ಚಿಕ್ಕಂದಿನಲ್ಲಿ ಯಾರನ್ನು ಮೆಚ್ಚಿಕೊಂಡಿದ್ದಿರಿ ಅಂತಲೂ ಕೇಳಿದರು. ಅದು ಸ್ವಲ್ಪ ಅತಿ ಆಯಿತು ಅನ್ನಿಸಿತು. ರೇಡಿಯೋ ರಿಪೇರಿ ಮಾಡುತ್ತಿದ್ದ ಪಕ್ಕದ ಮನೆ ಮಾವನ ಹೆಸರು ಹೇಳಿದೆ. ಅವರು 'ಹ್ಞೂಂ' ಅಂದು ಬರೆದುಕೊಂಡರು. ಮನೆಗೆ ಬರುವಾಗ ದಾರಿಯಲ್ಲಿ ಯಾಕೆ ಬರೆದುಕೊಂಡರು ಅಂತ ಹೊಳೆಯಿತು.

ಮೂರನೇ ಸೆಷನ್ ಪೂರ್ತಿ ಪ್ರಾಕ್ಟಿಕಲ್. ರೆಸ್ಯೂಮೆಯಲ್ಲಿ 'ಬಿಲ್ ಎಂಟ್ರಿ, ಲೆಡ್ಜರ್ ನಿರ್ವಹಣೆ' ಅಂತ ಇದ್ದ ಮೊದಲ ಸಾಲು ಕೆಳಗೆ ಹೋಯಿತು. ಸಪ್ಲೈಯರ್ ತಕರಾರು ಬಗೆಹರಿಸಿದ್ದು ಮೇಲೆ ಬಂತು. ವಿಮೆ ಕಂಪನಿಗಳ ಕ್ಲೇಮ್ಸ್ ವಿಭಾಗ, ಇಂಟರ್ನಲ್ ಆಡಿಟ್, ಸಪ್ಲೈಯರ್‌ಗಳ ತಕರಾರು ನೋಡುವ ಕೆಲಸ, ಈ ಮೂರು ಹೆಸರು ಹಾಳೆ ಮೇಲೆ ಬಂದಿವೆ. ಮೂರರಲ್ಲೂ ನನಗೆ ಪರಿಚಯದವರು ಯಾರೂ ಇಲ್ಲ. ಕೆಲಸ ಇನ್ನೂ ಸಿಕ್ಕಿಲ್ಲ. ಅರ್ಜಿ ಹಾಕಿದ 7 ಕಡೆ ಎರಡು ಕಡೆಯಿಂದ 'ಇಲ್ಲ' ಬಂದಿದೆ, ಐದು ಕಡೆಯಿಂದ ಅದೂ ಬಂದಿಲ್ಲ. ನೋಟಿಸ್ ಇನ್ನು ಒಂದೂವರೆ ತಿಂಗಳು ಇದೆ.

ಮುಂದಿನ ಸೆಷನ್ ಒಳಗೆ ಈ ಮೂರರಲ್ಲಿ ಯಾವುದಾದರೂ ಒಂದು ಕೆಲಸ ಮಾಡುವ ಒಬ್ಬರ ಜೊತೆ ಮಾತಾಡಿಕೊಂಡು ಬನ್ನಿ ಅಂದಿದ್ದಾರೆ. ಮತ್ತೆ ಶುರು ಅವರ ಮೆಸೇಜನ್ನೇ ಸ್ವಲ್ಪ ಬದಲಾಯಿಸಿ ಇಟ್ಟುಕೊಂಡಿದ್ದೇನೆ. ಕಳಿಸೋಕೆ ಜನ ಬೇಕು.

ಮೂರನೇ ಶಿಫ್ಟ್:

ಚೀಟಿ ವಿಷಯ ಓದಿ ನಗು ಬಂತು. ನಮ್ಮ ಪ್ಲಾಂಟಲ್ಲಿ ಆ ಚೀಟಿ ಡ್ರಾಯರಿಗೆ ಹಾಕುತ್ತಿದ್ದವನು ನಾನೇ. ನಿಮ್ಮಂಥವರು ಫೋನ್ ಮಾಡಿ ತಲೆ ತಿನ್ನುತ್ತಿದ್ದಿರಿ.

ನೇರ ಮಾತು:

ನಮ್ಮ ಬಿಲ್ಡಿಂಗಿನ ನಾಲ್ಕನೇ ಮಹಡಿಯಲ್ಲಿ ವಿಮೆ ಕಂಪನಿಯ ಕ್ಲೇಮ್ಸ್ ಆಫೀಸ್ ಇದೆ. ಅಲ್ಲಿನ ಒಬ್ಬರು ಲಿಫ್ಟಿನಲ್ಲಿ ಸಿಗುತ್ತಾರೆ. ಪರಿಚಯ ಅಂತೇನಿಲ್ಲ, ತಲೆ ಆಡಿಸುತ್ತೇವೆ ಅಷ್ಟೆ. ಸೋಮವಾರ ಕೇಳಿ ನೋಡುತ್ತೇನೆ. ಆಗಲ್ಲ ಅಂದರೆ ನನ್ನನ್ನು ಬೈಬೇಡಿ.

ಆದರೆ ಏನು ಕೇಳಬೇಕು ಅಂತ ಮೊದಲೇ ಬರೆದು ಕಳಿಸಿ. ಸುಮ್ನೆ 'ಕೆಲಸ ಹೇಗಿದೆ' ಅಂದರೆ ಅವರು 'ಪರವಾಗಿಲ್ಲ' ಅಂತಾರೆ, ಮಾತು ಅಲ್ಲಿಗೇ ಮುಗಿಯುತ್ತೆ.

ಲೆಡ್ಜರ್ ಮನುಷ್ಯ:

ಈಗಲೇ ಕಳಿಸುತ್ತೇನೆ ಸರ್. ಒಂದೇ ಪ್ರಶ್ನೆ. ಹೋದ ಮಂಗಳವಾರ 11ರಿಂದ 1 ಗಂಟೆವರೆಗೆ ನೀವು ಏನು ಮಾಡುತ್ತಿದ್ದಿರಿ?